ಮೂಡಲಗಿ ಹಾಸ್ಟೆಲಿನ ಮೂಲ ನಕ್ಷೆ

ಗೋಕಾಕದ ವಾಸ್ತುಶಿಲ್ಪಿ ಪ್ರಭು ಬೆಳಿಗ್ಗೆ ಕಪಾಟು ತೆರೆದಾಗ ಮೂಡಲಗಿ ಹಾಸ್ಟೆಲಿನ ಮೂಲ ನಕ್ಷೆ ಇರಲಿಲ್ಲ.

ಮೂವತ್ತು ವರ್ಷಗಳ ಹಿಂದೆ ಕೈಯಿಂದ ಬರೆದ ಟ್ರೇಸಿಂಗ್ ಹಾಳೆ ಅದು. ಆ ಹಾಸ್ಟೆಲಿನ ಮೇಲೆ ಹೊಸದಾಗಿ ಕಟ್ಟಿದ ಅಂತಸ್ತು ಕಳೆದ ವಾರ ಬಿರುಕು ಬಿಟ್ಟಿತ್ತು. ಮಕ್ಕಳನ್ನು ಹೊರಗೆ ಕಳಿಸಿದ್ದರು. ಹಳೆಯ ನಕ್ಷೆಯನ್ನು ಕಂಪ್ಯೂಟರಿಗೆ ಇಳಿಸಿದವಳು ಕಚೇರಿಯ ಫರೀನ; ಆ ಪ್ರತಿ ನೋಡಿಯೇ ಹೊಸ ಅಂತಸ್ತು ಕಟ್ಟಿದ್ದರು. ತಪ್ಪಾಗಿ ಇಳಿಸಿ, ಈಗ ಮೂಲವನ್ನೇ ಬಚ್ಚಿಟ್ಟಿದ್ದಾಳೆ ಎಂದು ಪ್ರಭುವಿಗೆ ಅನುಮಾನ. ಸಂಜೆಯೊಳಗೆ ಹಾಳೆ ಸಿಗದಿದ್ದರೆ ಅವಳ ಕೆಲಸ ಹೋಗುತ್ತಿತ್ತು.

ಹುಕ್ಕೇರಿಯಿಂದ ಪ್ರಭುವಿನ ಸೋದರಮಾವ, ನಿವೃತ್ತ ಪೊಲೀಸ್ ಫೌಜದಾರ ಮುತ್ತಪ್ಪ ಬಂದ.

"ಕೀಲಿ ಯಾರ ಕಡೆ ಇರತೈತಿ?"

"ಮೊಳಿಗೆ ಹಾಕಿರ್ತೇವ್ರಿ," ಎಂದಳು ಫರೀನ. "ಯಾರ ಬೇಕಾದ್ರೂ ತಗೋಬಹುದು."

"ನೀ ತಗೊಂಡಿಯೇನು?"

"ಇಲ್ರಿ. ಎರಡ ವರ್ಷದ ಹಿಂದ ಎಲ್ಲಾ ಹಾಳಿ ಸ್ಕ್ಯಾನ್ ಮಾಡಿ ನಾನ ಸುತ್ತಿ ಇಟ್ಟೆ. ಆಮ್ಯಾಲ ಯಾರಿಗ ಬೇಕಾಗಿದ್ವರಿ ಅವು?"

ಮೂಲೆಯ ಕುರ್ಚಿಯಲ್ಲಿ ಹಜರತಅಲಿ ಕುಳಿತಿದ್ದ—ಆ ನಕ್ಷೆ ಬರೆದವನು. ಕಂಪ್ಯೂಟರ್ ಬಂದ ಮೇಲೆ ಅವನಿಗೆ ಟಪಾಲು ನೋಡುವ ಕೆಲಸ.

"ನೀವೇನರ ನೋಡಿರೇನ್ರಿ?" ಎಂದು ಮುತ್ತಪ್ಪ ಅವನನ್ನು ಕೇಳಿದ.

"ನನ್ನನ್ಯಾರ ಕೇಳ್ತಾರ್ರಿ, ಸಾಹೇಬ್ರ? ಚಾ ತರಸಲೇನ್ರಿ ಅಂತ ನಾನ ಕೇಳೂದು."

ಮುತ್ತಪ್ಪ ಕಪಾಟಿನಲ್ಲಿ ಉಳಿದಿದ್ದ ಸುರುಳಿಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಇಬ್ಬರ ಕೈಗೂ ಒಂದೊಂದು ನಕ್ಷೆ ಕೊಟ್ಟ. "ಸುತ್ತಿ ಕೊಡ್ರಿ."

ಫರೀನ ಗೆರೆಗಳು ಒಳಗೆ ಬರುವಂತೆ ಸುತ್ತಿದಳು. ಹಜರತಅಲಿ, ಹೊರಗೆ ಬರುವಂತೆ.

"ಹೊರಗ್ಯಾಕ?"

"ಹಿಂಗ ಸುತ್ತಿದ್ರ, ಬಿಚ್ಚಿದಾಗ ಅಂಚು ಮ್ಯಾಲ ಏಳೂದಿಲ್ರಿ. ಮೇಜಿಗೆ ಹತ್ತಿ..." ಅವನು ಸುರುಳಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ಕಪಾಟಿನ್ಯಾಗ ಎಲ್ಲಾ ಈಕಿ ಸುತ್ತಿದ್ವು," ಎಂದ ಮುತ್ತಪ್ಪ. "ಮೂರು ಮಾತ್ರ ಗೆರಿ ಹೊರಗ ಅದಾವ. ಹುಡುಕಾಕ ಬಿಚ್ಚಿದವರು ತಮ್ಮ ರೂಢಿ ಪ್ರಕಾರ ಸುತ್ತ್ಯಾರ. ಹಾಳಿ ನೀವ ತಗೊಂಡೀರಿ. ಖರೆ ಹೌದಿಲ್ಲೋ?"

ಹಜರತಅಲಿ ಎದ್ದು, ಕುರ್ಚಿಯ ದಿಂಬಿನಡಿಯಿಂದ ಮಡಚಿದ ಹಾಳೆ ತೆಗೆದ. ಹಾಳೆಯ ಬೆನ್ನಿಗೆ ತಿಳಿ ಪೆನ್ಸಿಲಿನಲ್ಲಿ ಅವನದೇ ಅಕ್ಷರ: 'ಇಲ್ಲಿ ಮುಚ್ಚಿದ ಬಾವಿ. ಮೇಲೆ ಅಂತಸ್ತು ಬೇಡ.' ಅಳಿಸುವಾಗ ಶಾಯಿಯ ಗೆರೆ ಕೆಡಬಾರದೆಂದು ಹಳಬರು ಸೂಚನೆಗಳನ್ನು ಹಿಂಬದಿಗೆ ಬರೆಯುತ್ತಿದ್ದರು. ಯಂತ್ರ ಮುಂಬದಿಯನ್ನಷ್ಟೇ ಓದಿತ್ತು.

"ಈಕಿ ಸ್ಕ್ಯಾನ್ ಮಾಡಾಕತ್ತಾಗ ನಾ ಇಲ್ಲೇ ಕುಂತಿದ್ದೆ. ಕೇಳ್ತಾಳ, ಹೇಳೂಣು ಅಂತ ಕಾದೆ. ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ."

"ಅಂತಸ್ತು ಏಳಾಕತ್ತಾಗ?"

"ಮೊದಲ ಯಾಕ ಹೇಳಲಿಲ್ಲ ಅಂತ ಕೇಳ್ತಿದ್ರಲ್ಲರಿ. ಬಿರುಕು ಬಿಟ್ಟ ಮ್ಯಾಲ, ನನ್ನ ಅಕ್ಷರ ಯಾರಿಗೂ ಕಾಣಬಾರದಂತ ಹಾಳಿ ತಗದೆ."

ಪ್ರಭು ತಲೆ ತಗ್ಗಿಸಿದ. "ಫರೀನ, ನೀ ನಾಳೆ ಕೆಲಸಕ್ಕ ಬಾ."

ಅವಳು ಹಜರತಅಲಿಯತ್ತ ತಿರುಗಿದಳು. "ಚಾಚಾ, ಬ್ಯಾರೆ ಕಟ್ಟಡದ ಹಾಳಿ ಹಿಂದೂ ಹಿಂಗ ಬರದೀರೇನ್ರಿ?"

"ಬಾಳ ಬರದೇನಿ, ಬೇಟಿ."

ಸ್ಕ್ಯಾನ್ ಮುಗಿದ ಬೇರೆ ಮೂರು ಕಪಾಟುಗಳ ಹಾಳೆಗಳನ್ನು ಪ್ರಭು ಹೋದ ವರ್ಷವೇ ರದ್ದಿಗೆ ಹಾಕಿದ್ದ.