ಹೊಸ ಗೋಡೆಗೆ ನೀರು

"ಅತ್ತೆ, ನಿನಗೇನಾದ್ರೂ ಬುದ್ಧಿ ಇದ್ಯಾ? ನಿಮ್ಮಿಬ್ಬರನ್ನ ದೂರ ಮಾಡೋಕೆ ಅಪ್ಪ ಕಟ್ಟಿಸಿದ ಗೋಡೆಗೆ ನೀನೇ ನೀರು ಹಾಕಿ ಗಟ್ಟಿ ಮಾಡ್ತಿದ್ದೀಯಲ್ಲ!"

ಆರಾಧನಾ ಹಣೆ ಚಚ್ಚಿಕೊಂಡಳು. ಚೂಡಾಮಣಿ ಪೈಪು ಬಿಡಲಿಲ್ಲ. "ಮೇಸ್ತ್ರಿ ಏಳು ದಿನ ಹಾಕಿ ಅಂದಿದ್ದಾನೆ ಕಣೇ. ನಿಮ್ಮಪ್ಪನಿಗೆ ಕಾಲು ನೋವು ಬೇರೆ."

ಇಂಥವಳಿಗೆ ಯಾರು ಏನು ಹೇಳುವುದು! ಅತ್ತಿಗೆ ತೀರಿಕೊಂಡ ದಿನ ನಾಲ್ಕು ವರ್ಷದ ಆರಾಧನಾಳನ್ನು ಎತ್ತಿಕೊಂಡವಳು, ಬಂದ ಗಂಡುಗಳನ್ನೆಲ್ಲ ಬೇಡವೆಂದು, ಶಾಲೆಯಲ್ಲಿ ಪಾಠ ಮಾಡುತ್ತ, ಅಣ್ಣ ವರದರಾಜನ ಚಾಮರಾಜಪೇಟೆಯ ಮನೆಯಲ್ಲೇ ಐವತ್ತು ದಾಟಿದ್ದಳು. ಪಕ್ಕದ ಮನೆಯ ವಿಶ್ವಾರಾಧ್ಯರು ಹೆಂಡತಿಯನ್ನು ಕಳೆದುಕೊಂಡವರು. ತರಗುಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಆರು ವರ್ಷ ಮೋಟು ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಆಡಿದ ಮಾತೆಲ್ಲ ತೊಗರಿಬೇಳೆ, ಕರಿಬೇವು, ಕಾವೇರಿ ನೀರು ಬಿಡುವ ಹೊತ್ತು... ಅಷ್ಟೇ! ಒಳಗಿದ್ದದ್ದು ಇಡೀ ಬೀದಿಗೆ ಗೊತ್ತಿತ್ತು. ಕೊನೆಗೆ ವಿಶ್ವಾರಾಧ್ಯರೇ ಧೈರ್ಯ ಮಾಡಿ ವರದರಾಜನನ್ನು ಕೇಳಿದರು. "ಬೇರೆ ಜಾತಿಗೆ ನನ್ನ ತಂಗೀನಾ?" ಎಂದವನೇ ಅವನು ಎಂಟಡಿ ಗೋಡೆ ಎಬ್ಬಿಸಿದ.

ಸಿಟ್ಟಿನಲ್ಲಿ ಒಂದು ಎಡವಟ್ಟೂ ಮಾಡಿಕೊಂಡ. ನೀರು ಹಾಕುವ ಕೆಲಸವನ್ನು ತಂಗಿಗೇ ಒಪ್ಪಿಸಿದ. ಆಚೆ ಬದಿಗೆ ಹಾಕಲು ಮೇಸ್ತ್ರಿ ವಿಶ್ವಾರಾಧ್ಯರಿಗೇ ಹೇಳಿ ಹೋಗಿದ್ದ! ಬೆಳಿಗ್ಗೆ ಆರೂವರೆಗೆ ಈಚೆ ನೀರಿನ ಸದ್ದಾದರೆ ಆಚೆಯೂ ಸದ್ದು. ಈಚೆ ನಿಂತರೆ ಆಚೆಯೂ ನಿಲ್ಲುತ್ತಿತ್ತು. ಮುಖ ಕಾಣದು, ಮಾತಿಲ್ಲ. ವರದರಾಜ ಜಗಲಿಯಲ್ಲಿ ಪೇಪರು ಹಿಡಿದು ಹಲ್ಲು ಕಡಿಯುತ್ತಿದ್ದ.

ಏಳನೆಯ ಬೆಳಿಗ್ಗೆ ಆಚೆಯಿಂದ ದನಿ ಬಂತು. "ಟೀಚರೇ... ನಾಳೆ ಸಾಮಾನಿನ ಲಾರಿ ಬರತ್ತೆ. ಕುಮಾರ ಪಾರ್ಕಿಗೆ, ಮಗಳ ಮನೆಗೆ ಹೋಗ್ತಿದ್ದೀನಿ. ನೀವೇನಾದ್ರೂ... ಹೇಳೋದಿದ್ಯಾ?"

ಚೂಡಾಮಣಿ ನಲ್ಲಿ ನಿಲ್ಲಿಸಿದಳು. ಹೇಳು, ಹೇಳು ಎಂದು ಆರಾಧನಾ ಕೈಸನ್ನೆ ಮಾಡಿದಳು.

"ಗೋಡೆ ಇನ್ನೂ ಹಸಿ ಇದೆ..." ಎಂದಳು ಚೂಡಾಮಣಿ, ಕಣ್ಣೀರು ಸುರಿಸುತ್ತ. "ಇನ್ನೊಂದು ವಾರ... ನೀರು ಹಾಕ್ತೀರಾ?"

ವರದರಾಜ ಪೇಪರು ಎಸೆದು ಎದ್ದುಬಂದ. ಇಪ್ಪತ್ತೈದು ವರ್ಷದಲ್ಲಿ ತಂಗಿ ತನಗಾಗಿ ಯಾರನ್ನೂ ಏನೂ ಕೇಳಿದವಳಲ್ಲ. ಇವತ್ತು ಕೇಳಿದ್ದು ಇಷ್ಟೇ!

"ಒಂದು ವಾರ ಏನೇ, ಪೆದ್ದಿ!" ಎಂದು ಗದರಿದ. ದನಿ ಒಡೆದುಹೋಯಿತು. "ಕೇಳೋದೇ ಕೇಳ್ತೀಯ... ಪೂರ್ತಿ ಕೇಳೋಕೆ ನಿನಗೇನೇ ಧಾಡಿ?"

ಚೂಡಾಮಣಿ ಅಣ್ಣನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಹೋಗಬೇಡಿ!"