ಹಗ್ಗದ ಆಚೆ ಕೂತ ಅಜ್ಜಿ

ಬಹಳ ಬಹಳ ಹಿಂದೆ, ಕಡಲ ನಡುವೆ ಏಳು ಸಾವಿರ ದ್ವೀಪಗಳ ಒಂದು ರಾಜ್ಯವಿತ್ತು. ಅಲ್ಲೊಂದು ದೊಡ್ಡ ಮನೆ. ಕೆಳಗೆ ಕಲ್ಲು, ಮೇಲೆ ಮರ, ಕಿಟಕಿಗಳಿಗೆ ಗಾಜಿನ ಬದಲು ಬೆಳಕು ಸೋಸುವ ಕಡಲಚಿಪ್ಪು. ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ತಿಕ್ಕಿ ನೆಲ ಫಳಫಳ ಅನ್ನುತ್ತಿತ್ತು. ಮನೆಯ ಯಜಮಾನಿ ತಿನಾಂಗ್ ಅಜ್ಜಿಗೆ ಮನೆಯೆಂದರೆ ಪ್ರಾಣ. ತನ್ನ ನಂತರ ಹಾಳಾದೀತೆಂದು ಹೆದರಿ, ಸಿಲಾಬ್ ಎಂಬ ಮಾಂತ್ರಿಕನನ್ನು ಕರೆಸಿದಳು.

"ಈ ಮನೆಯಲ್ಲಿ ಒಂದು ಚಮಚವೂ ಬದಲಾಗಬಾರದಪ್ಪಾ" ಅಂದಳು. ಕೇಳಬಾರದ್ದನ್ನು ಕೇಳಿದಳು ನೋಡಿ!

ಎಂಟು ವರ್ಷದ ಮೊಮ್ಮಗಳು ಮಯೂಮಿ ಕಡಲತಡಿಗೆ ಉಪ್ಪು ತರಲು ಹೋಗಿದ್ದಳು. ತಿರುಗಿ ಬಂದರೆ ಅಜ್ಜಿ, ಅಪ್ಪ, ಅಮ್ಮ ಊಟದ ಮೇಜಿನ ಸುತ್ತ ಬೊಂಬೆಗಳಾಗಿ ಕೂತಿದ್ದರು. ಸುತ್ತಲೂ ಕೆಂಪು ಹಗ್ಗ. ಮುಟ್ಟಿದರೆ ಹಾವಾಗಿ ಹೆಡೆಯೆತ್ತುತ್ತಿತ್ತು. ಪರವೂರಿನ ಜನ ಚಪ್ಪಲಿ ಬಿಟ್ಟು ಸಾಲಾಗಿ ಬಂದು, "ಆಹಾ, ಎಂಥ ಮನೆ!" ಎಂದು ನೋಡಿಕೊಂಡು ಹೋಗುತ್ತಿದ್ದರು.

"ನಮ್ಮ ಅಮ್ಮನ್ನ ಬಿಡು" ಎಂದು ಮಯೂಮಿ ಮಾಂತ್ರಿಕನೆದುರು ಅತ್ತಳು.

"ಮೊಸಳೆ ಹೊಟ್ಟೆಯ ಮುತ್ತು, ಬೆಂಕಿಬೆಟ್ಟದ ಹಕ್ಕಿಯ ಗರಿ, ಕಡಲ ತಳದ ದೀಪ. ಮೂರನ್ನೂ ತಾ, ಹಗ್ಗ ಬಿಚ್ಚುತ್ತೇನೆ. ಅಜ್ಜಿಯ ಕೈ ಮುಟ್ಟಿದರೆ ಎಲ್ಲರೂ ಏಳುತ್ತಾರೆ" ಅಂದ ಮಾಂತ್ರಿಕ. ಎಷ್ಟು ಕಾಲ ಹಿಡಿದೀತು ಅಂತ ಹೇಳಲಿಲ್ಲ, ಹಾಳಾದವನು.

ಮುತ್ತು ತರಲು ಇಪ್ಪತ್ತು ವರ್ಷ ಹಿಡಿಯಿತು. ತಂದಿಟ್ಟು, ಸಾಲಿನಲ್ಲಿ ನಿಂತು ತನ್ನವರನ್ನೇ ನೋಡಿದಳು. "ಮುಂದೆ ನಡೀರಿ ಅಕ್ಕಾ" ಅಂದ ಕಾವಲುಗಾರ.

ಗರಿಗೆ ಇನ್ನಿಪ್ಪತ್ತು ವರ್ಷ. "ಮುಂದೆ ನಡೀರಿ ಅಮ್ಮಾ" ಅಂದ ಇನ್ನೊಬ್ಬ. ಬೊಂಬೆಯಾದ ಅಮ್ಮ ಈಗ ಅವಳಿಗಿಂತ ಚಿಕ್ಕವಳು. ಅವತ್ತು ಮಯೂಮಿ ಮೆಟ್ಟಿಲ ಮೇಲೆ ಕುಸಿದು, ಇನ್ನು ನನ್ನಿಂದಾಗದು ಎಂದು ಬಿಕ್ಕಿಬಿಕ್ಕಿ ಅತ್ತಳು. ಆದರೂ ಎದ್ದು ಹೋದಳು.

ದೀಪಕ್ಕೆ ಮತ್ತಿಪ್ಪತ್ತು ವರ್ಷ. "ನಿಧಾನ ಅಜ್ಜೀ, ಮೆಟ್ಟಿಲಿದೆ" ಅಂದ ಮೂರನೆಯವನು.

ಕೊಟ್ಟ ಮಾತಿಗೆ ಮಾಂತ್ರಿಕ ಕಟ್ಟುಬಿದ್ದಿದ್ದ. ಹಗ್ಗ ಬಿಚ್ಚಿದ. ಆ ದ್ವೀಪಗಳಲ್ಲಿ ಕಿರಿಯರು ಹಿರಿಯರ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುತ್ತಾರೆ, ಅದೇ ನಮಸ್ಕಾರ. ಮಯೂಮಿ ಅಜ್ಜಿಯ ಕೈ ಹಿಡಿದಳು. ಕೈ ಬೆಚ್ಚಗಾಯಿತು. ಮಾಟ ಮುರಿದು ಮಾಂತ್ರಿಕ ನಿಂತಲ್ಲೇ ಬೂದಿಯಾದ. ಮೂವರೂ ಉಸಿರಾಡಿದರು.

ಅಜ್ಜಿ ಕಣ್ಣುಜ್ಜಿಕೊಂಡು, ಎದುರಿನ ಬಿಳಿಗೂದಲ ಹೆಂಗಸನ್ನು ಕಂಡು ಗಡಬಡಿಸಿ ಎದ್ದಳು. ಮಯೂಮಿ ಬಗ್ಗುವ ಮೊದಲೇ ಅವಳ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು.

"ಆಶೀರ್ವಾದ ಮಾಡಿ ತಾಯಿ. ಯಾವೂರಿನವರು?"

"ಅಜ್ಜೀ, ನಾನು ಮಯೂಮಿ!"

ಎಲ್ಲರೂ ನಕ್ಕರು. "ಅಯ್ಯೋ, ನಮ್ಮ ಮಗುವಿನ ಹೆಸರೂ ಅದೇ! ಉಪ್ಪು ತರೋಕೆ ಹೋಗಿದೆ, ಇನ್ನೇನು ಬಂದುಬಿಡುತ್ತೆ. ಕೂತ್ಕೊಳ್ಳಿ, ಊಟ ಮಾಡಿ" ಅಂದಳು ಅಜ್ಜಿ.

ಮಯೂಮಿ ಮೇಜಿನ ಬಳಿ ಕೂತಳು. ಅಮ್ಮ ಅವಳಿಗೆ ಮರ್ಯಾದೆಯಿಂದ ಅನ್ನ ಬಡಿಸಿದಳು. ಆ ಮನೆಯವರು ಸುಖವಾಗಿಯೇ ಇದ್ದರು, ಮಗು ಈಗ ಬರುತ್ತದೆಂದು ನಂಬಿ. ನಾನೇನು ಮಾಡಲಿ, ಕತೆ ಇರುವುದೇ ಹೀಗೆ.

ಊಟ ಬಡಿಸಿದ ಅಮ್ಮ ಚಿಪ್ಪಿನ ಕಿಟಕಿ ಸರಿಸಿ, ಹೊರಗೆ ಬಾಗಿ ಕೂಗಿದಳು: "ಮಯೂಮೀ!"

"ಬಂದೆ ಅಮ್ಮಾ" ಅಂದಳು ಮುದುಕಿ, ಕೂತಲ್ಲಿಂದಲೇ.

ಅಮ್ಮ ಬೀದಿಯತ್ತಲೇ ನೋಡುತ್ತಿದ್ದಳು.