ಕೆಡದ ಬ್ಯಾಟರಿ

ವಿಜಯಶ್ರೀ ಅಂಗಡಿಯ ಪೂಜೆ ಮುಗಿಸಿ ಕಣ್ಣು ತೆರೆದಾಗ, ಯಾರೋ ಗಂಡಸು ಅವಳ ಊದಿನಕಡ್ಡಿಗಳನ್ನು ಕಿತ್ತುಕೊಂಡು ರಸ್ತೆಯ ಕಡೆ ನಡೆದಿದ್ದ.

ಆಳಂದದ ತಹಸೀಲ್ ಕಚೇರಿಯ ಎದುರಿಗೆ ಅವಳದು ಝೆರಾಕ್ಸ್ ಅಂಗಡಿ. ಪಹಣಿ, ಜಾತಿ ಆದಾಯದ ಅರ್ಜಿ, ಆಧಾರ್ ನಕಲು ಎಂದು ಬೆಳಗಿನಿಂದಲೇ ಜನ. ಕರೆಂಟಿನ ಕಾಟ ತಾಳಲಾರದೆ ಹಿಂದಿನ ವಾರವಷ್ಟೇ ಇನ್ವರ್ಟರ್ ಹಾಕಿಸಿದ್ದಳು. ಹೊಸ ವಸ್ತು ಬಂದರೆ ಪೂಜೆ ಮಾಡದೆ ಬಿಡುತ್ತಾರೆಯೇ? ಬ್ಯಾಟರಿಗೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಮೇಲಿನ ಮುಚ್ಚಳಗಳ ಸಂದಿಯಲ್ಲಿ ಎರಡು ಕಡ್ಡಿ ಸಿಕ್ಕಿಸಿದ್ದಳು.

ಅವನು ಆ ಕಡ್ಡಿಗಳನ್ನು ಬಾಗಿಲಾಚೆ ಮಣ್ಣಿನಲ್ಲಿ ತಿಕ್ಕಿ ಆರಿಸಿ ಬಂದ. ಅವಳು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಯಾವ ಊರಿನವನು, ದೇವರ ಹೊಗೆ ಆರಿಸುವ ಬುದ್ಧಿ ಯಾರು ಕಲಿಸಿದರು ಎಂದೆಲ್ಲ ಕೇಳಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ.

“ದೇವರಿಗೆ ಬೆಳಗ್ರಿ ಮೇಡಂ, ನಾ ಬ್ಯಾಡ ಅನ್ನಲ್ಲ. ಆದರ ಇದು ಚಾರ್ಜ್ ಆಗೂವಾಗ ಬಿಡೂ ಉಸಿರು ಬೆಂಕಿ ಹಿಡೀತದ. ಕಿಡಿ ತಾಗಿದ್ರ ಡಬ್ಬಿ ಒಡದು ಒಳಗಿನ ಆಸಿಡ್ ನಿಮ್ಮ ಮಾರಿಗೆ ಬರ್ತದ.”

ಹೊಸ ಬ್ಯಾಟರಿ ನೋಡಿಹೋಗಲು ಬಂದಿದ್ದ ಅವನ ಹೆಸರು ಜಗದೇವ. ಊರು ಅಫಜಲಪುರ. ಅಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡು ಕಂಪನಿಯ ಸರ್ವಿಸ್ ಕೆಲಸವನ್ನೂ ನೋಡುತ್ತಿದ್ದ. ಸೋಮವಾರ ಜೇವರ್ಗಿ, ಗುರುವಾರ ಆಳಂದ, ಹೀಗೆ ಮೋಟಾರ್‌ಸೈಕಲ್ಲಿನ ಮೇಲೆ ಮೂರು ತಾಲೂಕು ಸುತ್ತುವವನು.

ಆ ದಿನ ಅವನು ಮೇಜಿನ ಕೆಳಗಿನ ಕಪಾಟಿನಲ್ಲಿ ಉಸಿರುಗಟ್ಟಿ ಕುಳಿತಿದ್ದ ಬ್ಯಾಟರಿಯನ್ನು ಕಿಟಕಿಯ ಪಕ್ಕಕ್ಕೆ ತಂದಿಟ್ಟ. ಬಾವಿಯ ನೀರಾಗಲಿ ಫಿಲ್ಟರ್ ನೀರಾಗಲಿ ಹಾಕಕೂಡದು, ಡಿಸ್ಟಿಲ್ಡ್ ವಾಟರ್ ಮಾತ್ರ ಎಂದ. ಅದನ್ನೂ ಪೂರಾ ಚಾರ್ಜ್ ಆದ ಮೇಲೆ ಹಾಕಬೇಕು, ಮೊದಲೇ ತುಂಬಿದರೆ ಉಬ್ಬಿ ಹೊರಗೆ ಚೆಲ್ಲುತ್ತದೆ ಎಂದ. ಆರು ಮುಚ್ಚಳ ಬಿಚ್ಚಿ, ಗಾಜಿನ ಕೊಳವೆಯ ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲುಗಳ ಆಸಿಡ್ ಹೀರಿ ನೋಡಿ, ಒಂದು ಕಾರ್ಡಿನ ಮೇಲೆ ತಾರೀಖು ಹಾಕಿ ಆರು ಅಂಕಿ ಬರೆದು ಇನ್ವರ್ಟರಿಗೆ ಕಟ್ಟಿದ. ಪೂರಾ ತುಂಬಿದ್ದರೆ ಆರೂ ಹನ್ನೆರಡುನೂರಾ ನಲವತ್ತು ಇರಬೇಕು, ಖಾಲಿಯಾದಷ್ಟೂ ಅಂಕಿ ಇಳಿಯುತ್ತದೆ ಎಂದ.

ಅವನು ಬಗ್ಗಿ ಬರೆಯುವಾಗ ಅವಳ ಕಣ್ಣು ಅವನ ಅಂಗಿಯ ಮೇಲೆ ಬಿತ್ತು. ಜೋಳದ ಕಾಳಿನಷ್ಟು ಸಣ್ಣ ಸಣ್ಣ ತೂತುಗಳು, ಆಸಿಡ್ ಹನಿ ಸಿಡಿದು ಆದವು. ಹದಿನಾಲ್ಕರವರೆಗೆ ಎಣಿಸಿದ್ದಳು. ಅಷ್ಟರಲ್ಲಿ ಅವನು ತಲೆಯೆತ್ತಿದ. ಅವಳು ಪ್ರಿಂಟರಿನ ಕಡೆ ತಿರುಗಿ, ಖಾಲಿ ಹಾಳೆಯೊಂದನ್ನು ಝೆರಾಕ್ಸ್ ತೆಗೆದಳು.

ಮೂರು ತಿಂಗಳಿಗೊಮ್ಮೆ ಬರುತ್ತೇನೆ ಎಂದು ಹೇಳಿ ಹೋದ.

ಮೂರು ತಿಂಗಳೆಂದರೆ ಎಷ್ಟು ಗುರುವಾರ! ವಿಜಯಶ್ರೀಗೆ ಮೂವತ್ತೊಂದು. ಅಪ್ಪ ತೀರಿದ ಮೇಲೆ ಅಂಗಡಿ, ತಾಯಿ ಶಾರದಾಬಾಯಿ, ತಮ್ಮನ ಓದು ಎನ್ನುವುದರಲ್ಲಿ ವರ್ಷಗಳು ಹೋಗಿದ್ದವು. ಬಂದ ಸಂಬಂಧಗಳೆಲ್ಲ ಅಂಗಡಿ ಮುಚ್ಚು ಎನ್ನುತ್ತಿದ್ದವು, ಅವಳು ಮುಚ್ಚುತ್ತಿರಲಿಲ್ಲ. ಇಷ್ಟು ದಿನ ಅದು ಅವಳಿಗೆ ಚಿಂತೆಯಾಗಿರಲಿಲ್ಲ. ಈಗ ಕುಳಿತಲ್ಲಿ ಕುಳಿತಿರಲಾರಳು. ಸ್ಟೇಪ್ಲರಿನ ಪಿನ್ನು ತೆಗೆದು ಮತ್ತೆ ತುಂಬುವಳು. ಹೊರಗೆ ಮೋಟಾರ್‌ಸೈಕಲ್ ನಿಂತರೆ ಎದ್ದು ನೋಡುವಳು. ಒಬ್ಬ ರೈತನ ಅರ್ಜಿಯಲ್ಲಿ ಊರು ಕಿಣ್ಣಿ ಸುಲ್ತಾನ ಎನ್ನುವ ಕಡೆ ಅಫಜಲಪುರ ಎಂದು ಹೊಡೆದು, ಅವನ ಕೈಯಿಂದ ಬೈಸಿಕೊಂಡಳು.

ಮದುವೆಯಾಗದ ಹೆಣ್ಣು ಕೆಲಸವಿಲ್ಲದೆ ಪರಗಂಡಸಿಗೆ ಫೋನ್ ಮಾಡುವಂತಿಲ್ಲ. ಕೆಲಸವಿದ್ದರೆ ಮಾಡಬಹುದು. ಹೀಗೆ ಯೋಚಿಸಿ, ಒಂದು ಬುಧವಾರ ಬೆಳಿಗ್ಗೆ ಅವಳು ತನ್ನ ಅಂಗಡಿಯ ಮೇನ್ ಸ್ವಿಚ್ ಆರಿಸಿದಳು.

ಇಡೀ ದಿನ ಫ್ಯಾನು, ಕಂಪ್ಯೂಟರು, ದೀಪ ಎಲ್ಲವೂ ಬ್ಯಾಟರಿಯ ಮೇಲೆ ಓಡಿದವು. ಝೆರಾಕ್ಸಿಗೆ ಬಂದವರಿಗೆ ಕರೆಂಟಿಲ್ಲ ಎಂದು ಹೇಳಿ ಕಳಿಸಿದಳು. ಸಂಜೆ ಇನ್ವರ್ಟರ್ ಕುಯ್ಯೆಂದು ಅಳತೊಡಗಿತು. ಅವಳು ಫೋನ್ ಮಾಡಿದಳು. ಬ್ಯಾಟರಿ ನಿಲ್ಲುತ್ತಲೇ ಇಲ್ಲ, ಏನೋ ಕೆಟ್ಟಿದೆ ಎಂದಳು.

ಗುರುವಾರ ಅವಳು ಮೇನ್ ಸ್ವಿಚ್ ಮತ್ತೆ ಹಾಕುವ ಹೊತ್ತಿಗೆ ಜಗದೇವ ಬಂದ. ಅಳೆದ, ಬರೆದ, ಚಾರ್ಜಿಗೆ ಹಾಕಿದ. ಸರಿಯಾಗಿ ಏರುತ್ತದೋ ಇಲ್ಲವೋ ನೋಡಬೇಕು ಎಂದು ಒಂದು ತಾಸು ಕುಳಿತ. ಆ ಒಂದು ತಾಸಿನಲ್ಲಿ ಅವಳು ಅವನಿಗೆ ಎರಡು ಸಲ ಚಹಾ ಕೊಟ್ಟಳು. ಮರುತಿಂಗಳೂ ಹಾಗೆಯೇ ಆಯಿತು. ಆಮೇಲೆ ಹದಿನೈದು ದಿನಕ್ಕೇ ಆಯಿತು.

ಪಕ್ಕದ ಬಳೆ ಅಂಗಡಿಯ ಜೈತುನಬಿಗೆ ಎಲ್ಲರಿಗಿಂತ ಮೊದಲು ಸಂಶಯ ಬಂದಿತು. ಇಡೀ ಸಾಲಿನ ಅಂಗಡಿಗಳಲ್ಲಿ ಕರೆಂಟ್ ಇರುವಾಗ ನಿನ್ನ ಒಬ್ಬಳ ಅಂಗಡಿಯಲ್ಲಿ ಬುಧವಾರವೇ ಯಾಕೆ ಹೋಗುತ್ತದೆ ಎಂದು ಕೇಳಿದಳು. ಊರಿನ ಗಂಡಸರೆಲ್ಲ ನಿನಗೆ ಅಕ್ಕ ಅನ್ನುತ್ತಾರೆ, ಇವನೊಬ್ಬನೇ ಮೇಡಂ ಅನ್ನುತ್ತಾನೆ ಎಂದೂ ಗಮನಕ್ಕೆ ತಂದಳು. ವಿಜಯಶ್ರೀ ಕೇಳಿಸದವಳಂತೆ ಹಾಳೆ ಜೋಡಿಸಿದಳು.

ಒಂದು ದಿನ ತಾನೂ ಅಳೆಯುವುದನ್ನು ಕಲಿಯುತ್ತೇನೆ ಎಂದಳು. ಅವನು ಅವಳ ಕೈ ನೋಡಿದ. ಗಾಜಿನ ಬಳೆಗಳ ನಡುವೆ ಎರಡು ಬಂಗಾರದ ಪಾಟ್ಲಿ. ಗಾಜು ಇರಲಿ, ಬಂಗಾರ ತೆಗೆಯಿರಿ, ಬ್ಯಾಟರಿಯ ಪ್ಲಸ್, ಮೈನಸ್ ಎರಡೂ ಕಂಬಕ್ಕೆ ಒಮ್ಮೆಲೇ ತಾಗಿದರೆ ಕಾದು ಕೈ ಸುಟ್ಟೀತು ಎಂದ. ಪಾಟ್ಲಿ ಬಿಗಿಯಾಗಿದ್ದವು. ಅವಳು ತಿರುವಿ ತಿರುವಿ ತೆಗೆಯುವಷ್ಟು ಹೊತ್ತು ಅವನು ಗೋಡೆಯ ಮೇಲಿನ ದರಪಟ್ಟಿಯನ್ನು ಓದುತ್ತ ನಿಂತ, ಅದರಲ್ಲಿದ್ದುದು ಮೂರೇ ಸಾಲು. ತೆಗೆದದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನ ಅಂಗೈಯಲ್ಲಿಟ್ಟಳು. ಅವನು ಮುಷ್ಟಿ ಪೂರ್ತಿ ಮುಚ್ಚಲಿಲ್ಲ, ತೆರೆಯಲೂ ಇಲ್ಲ. ಗುಬ್ಬಿಮರಿ ಹಿಡಿದವನ ಹಾಗೆ ಹಿಡಿದುಕೊಂಡಿದ್ದ.

ಕಣ್ಣಿಗೆ ಆಸಿಡ್ ತಾಗದಿರಲೆಂದು ತನ್ನ ಕನ್ನಡಕವನ್ನೇ ಕೊಟ್ಟ. ಅದು ಅವಳ ಮೂಗಿನಿಂದ ಜಾರಿತು. ಎತ್ತಿ ಕೂರಿಸಲು ಬಂದ ಅವನ ಬೆರಳು ಅರ್ಧ ದಾರಿಯಲ್ಲೇ ನಿಂತಿತು. ಅವಳೇ ಎತ್ತಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಜೈತುನಬಿ ಇಬ್ಬರಿಗೂ ಕೇಳುವಂತೆ ಹೇಳಿದಳು: “ಬಳಿ ತೆಗಸಾಂವ ಬಂದಾನ. ಇಡಸಾಂವ ಯಾವಾಗ ಬರ್ತಾನೋ ಅಲ್ಲಾಗ ಗೊತ್ತ.”

ಜಗದೇವನ ಕಿವಿ ಕೆಂಪಾದದ್ದನ್ನು ವಿಜಯಶ್ರೀ ಆ ದೊಡ್ಡ ಕನ್ನಡಕದಲ್ಲಿ ಸ್ಪಷ್ಟವಾಗಿ ಕಂಡಳು.

ಒಂಬತ್ತು ತಿಂಗಳಲ್ಲಿ ಹನ್ನೊಂದು ಸಲ ಬಂದ. ಹನ್ನೊಂದನೆಯ ಸಲ ಬಂದಾಗ ಮಾತ್ರ ಅವನ ಮುಖ ಬೇರೆಯಿತ್ತು. ಒಂದು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಬಹಳ ಹೊತ್ತು ಒಳಗೆ ನೋಡಿದ. ಚಹಾ ಬೇಡ ಎಂದ. ಪೂರ್ತಿ ತುಂಬಿಸಿದರೂ ಮೊದಲಿನಷ್ಟು ಏರುತ್ತಿಲ್ಲ, ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಇಟ್ಟರೆ ಒಳಗಿನ ತಗಡಿಗೆ ಬಿಳಿ ಪದರು ಕಟ್ಟುತ್ತದೆ, ಗಟ್ಟಿಯಾದರೆ ಆಮೇಲೆ ಬಿಡುವುದಿಲ್ಲ ಎಂದ. ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಹತ್ತಿರ ನಿಂತ.

“ಇನ್ನ ನಾ ಬರೂದು ಬ್ಯಾಡ ಅನಸ್ತದ ಮೇಡಂ. ನಾ ಬಂದಷ್ಟು ಇದರ ಆಯುಷ್ಯ ಕಮ್ಮಿ ಆಗಾಕತ್ತದ. ಆಳಂದಕ್ಕ ಬ್ಯಾರೆ ಹುಡುಗನ್ನ ಕಳಸ್ತೇನಿ.”

ತನ್ನ ಮೇಲೆ ಬೇಸರ ಬಂದು, ಬ್ಯಾಟರಿಯ ನೆವ ಹೇಳುತ್ತಿದ್ದಾನೆ ಎಂದುಕೊಂಡಳು ವಿಜಯಶ್ರೀ. ಪದೇ ಪದೇ ಕರೆದು ಕಾಡುವ ಗಿರಾಕಿ ತಾನು.

“ಬ್ಯಾಡಂದ್ರ ಬ್ಯಾಡ ಬಿಡ್ರಿ” ಎಂದಳು.

ಅವನು ಇನ್ನೇನನ್ನೋ ಕಾಯುವವನಂತೆ ಒಂದು ಗಳಿಗೆ ನಿಂತು, ಹೋದ.

ಆಮೇಲಿನ ಆರು ವಾರ ಆ ಬ್ಯಾಟರಿ ಕಂಡಷ್ಟು ಸುಖವನ್ನು ಬಾಣಂತಿಯೂ ಕಂಡಿರಲಿಕ್ಕಿಲ್ಲ. ಮೇನ್ ಸ್ವಿಚ್ಚಿಗೆ ಅವಳು ಕೈ ಹಚ್ಚಲಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಪೂರ್ತಿ ತುಂಬುವವರೆಗೆ ಬಿಟ್ಟಳು. ಕಿಟಕಿ ಮುಚ್ಚಲಿಲ್ಲ. ಕಂಬಗಳ ಮೇಲೆ ಹಸಿರು ಪುಡಿ ಕಂಡರೆ, ಇನ್ವರ್ಟರ್ ಆರಿಸಿ, ಕೈಗೆ ರಬ್ಬರ್ ಗವಸು ಹಾಕಿಕೊಂಡು, ಅಡಿಗೆ ಸೋಡಾ ಕಲಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ ವ್ಯಾಸಲೀನ್ ಹಚ್ಚಿದಳು. ತನ್ನದೇ ಒಂದು ಹೈಡ್ರೋಮೀಟರ್ ತರಿಸಿಕೊಂಡಳು. ಅಂಕಿಗಳು ವಾರ ವಾರಕ್ಕೆ ಒಂದಿಷ್ಟು ಮೇಲೇರಿದವು.

ಏರಿದಷ್ಟೂ ಅವಳಿಗೆ ತಳಮಳ. ಕೆಡಿಸಿದರೆ ಅವನ ಮಾತು ಖರೆಯಾಗುತ್ತದೆ. ಕೆಡಿಸದಿದ್ದರೆ ಕರೆಯಲು ಕಾರಣವಿಲ್ಲ. ಫೋನಿನಲ್ಲಿ ಅವನ ನಂಬರು ತೆಗೆಯುವಳು, ನೋಡುವಳು, ಇಡುವಳು. ಗುರುವಾರ ಬಂದರೆ ಶಾರದಾಬಾಯಿ ಕಟ್ಟಿಕೊಟ್ಟ ರೊಟ್ಟಿ ಹಾಗೆಯೇ ಮನೆಗೆ ಮರಳುತ್ತಿತ್ತು. ಮಗಳಿಗೆ ಯಾವುದೋ ದೃಷ್ಟಿ ತಾಗಿದೆ ಎಂದು ತಾಯಿ ಉಪ್ಪು ಇಳಿತೆಗೆದಳು.

ಏಳನೆಯ ವಾರ ಶುಕ್ರವಾರ ಮಧ್ಯಾಹ್ನ ಸುನೀಲಕುಮಾರ ಬಂದ. ಜಗದೇವನ ಬದಲಿಗೆ ಬಂದವನು, ಮಾತುಗಾರ. ಬ್ಯಾಟರಿ ಅಳೆದು ಇಷ್ಟು ಚೆನ್ನಾಗಿ ಇಟ್ಟವರನ್ನು ತಾನು ನೋಡಿಲ್ಲ ಎಂದ. ಅಂಕಿ ಬರೆಯಲು ಕಾರ್ಡ್ ಎತ್ತಿಕೊಂಡವನು, ಹಿಂದಿನ ಸಾಲುಗಳನ್ನು ಓದುತ್ತ ಓದುತ್ತ ನಕ್ಕುಬಿಟ್ಟ.

ಯಾಕೆಂದು ಅವಳು ಕೇಳಿದಳು.

“ಒಂದು ಸೆಲ್ ಕೆಟ್ರ ಅದೊಂದ ಇಳೀತದ್ರಿ ಅಕ್ಕಾರ. ಇಲ್ಲಿ ನೋಡ್ರಿ, ಪ್ರತಿ ಸಲ ಆರೂ ಕೂಡೇ ಇಳದಾವ, ಒಂದೇ ಮಾಪಕ್ಕ. ಅಂದ್ರ ಬ್ಯಾಟರಿ ಕೆಟ್ಟಿಲ್ಲ, ಯಾರೋ ಮೇನ್ ಆರಿಸಿ ಕುಂತಾರ. ನಾ ಕೆಲಸಕ್ಕ ಸೇರಿದ ಮೊದಲನೇ ದಿನಾನ ಜಗದೇವಣ್ಣ ಇದನ್ನ ಕಲಿಸ್ಯಾನ.”

ವಿಜಯಶ್ರೀ ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡಳು. ಸಾಲು ಸಾಲಾಗಿ ಜಗದೇವನ ದುಂಡನೆಯ ಅಕ್ಷರ. ಹನ್ನೊಂದು ತಾರೀಖು, ಪ್ರತಿಯೊಂದರ ಮುಂದೆ ಒಂದೇ ಅಂಕಿ ಆರು ಸಲ. ಎಲ್ಲವೂ ಗೊತ್ತಿದ್ದು, ತಾನೇ ಕೈಯಾರೆ ಬರೆದುಕೊಂಡು, ಮತ್ತೆ ಕರೆದರೆ ಮತ್ತೆ ಅಷ್ಟು ದೂರದಿಂದ ಬಿಸಿಲಲ್ಲಿ ಬಂದಿದ್ದ. ಕೊನೆಗೆ ಬರುವುದನ್ನು ಬಿಟ್ಟದ್ದು ಅವಳ ಮೇಲಿನ ಬೇಸರಕ್ಕಲ್ಲ. ಅವನು ಬರುವುದಕ್ಕಾಗಿ ಆ ಬ್ಯಾಟರಿ ನಿಜವಾಗಿಯೂ ಸಾಯುತ್ತಿತ್ತು.

ಸುನೀಲಕುಮಾರ ಇನ್ನೂ ಮಾತಾಡುತ್ತಲೇ ಇದ್ದ. ಜಗದೇವಣ್ಣ ಈಗೀಗ ಸಪ್ಪಗಿರುತ್ತಾನೆ, ಅವನ ತಾಯಿ ಹಟ ಹಿಡಿದು ಈ ಐತವಾರ ಜೇವರ್ಗಿಗೆ ಹೆಣ್ಣು ನೋಡಲು ಕರೆದುಕೊಂಡು ಹೋಗುತ್ತಾಳೆ ಎಂದ.

ಐತವಾರಕ್ಕೆ ನಡುವೆ ಇದ್ದದ್ದು ಒಂದೇ ದಿನ.

ಶನಿವಾರ ಬೆಳಿಗ್ಗೆ ಅವಳು ಅಂಗಡಿಗೆ ಬಂದು ಆರೂ ಸೆಲ್ ಅಳೆದಳು. ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಜೈತುನಬಿಯ ಕೈಯಲ್ಲಿಟ್ಟಳು. ಎಲ್ಲಿಗೆ ಎಂದು ಆಕೆ ಕೇಳಲಿಲ್ಲ, ಸಂಜೆಯೊಳಗೆ ಬಾ ಎಂದಳು ಅಷ್ಟೇ.

ಕಲಬುರಗಿಯವರೆಗೆ ಒಂದು ಬಸ್, ಅಲ್ಲಿಂದ ಅಫಜಲಪುರಕ್ಕೆ ಇನ್ನೊಂದು. ಸೀಟು ಖಾಲಿ ಇದ್ದರೂ ಅವಳು ಬಾಗಿಲ ಹತ್ತಿರದ ಕಂಬ ಹಿಡಿದು ನಿಂತಳು. ಏನು ಹೇಳಬೇಕು? ತಪ್ಪಾಯಿತು ಎನ್ನಬೇಕೇ? ತಪ್ಪೆಂದು ಅನಿಸುತ್ತಿರಲಿಲ್ಲ. ಬ್ಯಾಟರಿಗೆ ಮಾತ್ರ ತಪ್ಪು ಮಾಡಿದ್ದಳು. ಕಂಡಕ್ಟರ್ ಎರಡು ಸಲ ಕುಳಿತುಕೊಳ್ಳಲು ಹೇಳಿ ಸುಮ್ಮನಾದ. ಹೊರಗೆ ತೊಗರಿ ಹೊಲಗಳು ಹಿಂದೆ ಹಿಂದೆ ಓಡಿದವು. ಅವಳಿಗೆ ಬಸ್ಸೇ ನಿಂತಿದೆ ಎನಿಸುತ್ತಿತ್ತು.

ಜಗದೇವನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಕೋಣೆಯ ಎಲ್ಲ ಕಿಟಕಿ ತೆರೆದಿದ್ದವು. ಸಾಲಾಗಿ ಇಟ್ಟ ಬ್ಯಾಟರಿಗಳು ಚಾರ್ಜ್ ಆಗುತ್ತ ಸಣ್ಣಗೆ ಗುಳುಗುಳು ಎನ್ನುತ್ತಿದ್ದವು. ಅವನು ಬೆನ್ನು ಮಾಡಿ ನಿಂತಿದ್ದ. ತಿರುಗಿ ನೋಡಿದವನು ಅವಳ ಹಿಂದೆ, ಅವಳು ಬಂದಿಳಿದ ರಿಕ್ಷಾದಲ್ಲಿ ಬ್ಯಾಟರಿ ಇದೆಯೇ ಎಂದು ಹುಡುಕಿದ. ಏನೂ ಇರಲಿಲ್ಲ.

“ಬ್ಯಾಟರಿಗೆ ಏನಾತ್ರಿ?”

“ಏನೂ ಆಗಿಲ್ಲ. ಮುಂಜಾನೆ ಅಳದೇನಿ. ಆರೂ ಸೆಲ್ ಹನ್ನೆರಡುನೂರಾ ನಲವತ್ತು.”

“ಮತ್ತ ಯಾಕ ಬಂದ್ರಿ, ಇಷ್ಟು ದೂರ?”

ಬಸ್ಸಿನಲ್ಲಿ ಕಟ್ಟಿದ್ದ ಮಾತುಗಳೆಲ್ಲ ಎಲ್ಲೋ ಬಿದ್ದುಹೋಗಿದ್ದವು. ಅವಳು ಅವನ ಅಂಗಿಯ ತೂತುಗಳನ್ನು ನೋಡಲಿಲ್ಲ, ನೇರ ಮುಖವನ್ನೇ ನೋಡಿದಳು.

“ಬ್ಯಾಟರಿ ಛಲೋ ಅದ. ಅದನ್ನ ಹೇಳಾಕ ಬಂದೇನಿ.”

ಜಗದೇವ ಕೈಗವಸುಗಳನ್ನು ಒಂದೊಂದಾಗಿ ತೆಗೆದ. ತೊಳೆದ ಕೈಯನ್ನು ಮತ್ತೊಮ್ಮೆ ತೊಳೆದ. ಒರೆಸಿಕೊಳ್ಳಲು ಬಟ್ಟೆ ಅಲ್ಲೇ ಇದ್ದರೂ ಅವನಿಗೆ ಕಾಣಲಿಲ್ಲ. ಅವಳೇ ತೆಗೆದುಕೊಟ್ಟಳು.

ತಾನು ಮೇನ್ ಆರಿಸುತ್ತಿದ್ದದ್ದು ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದಳು. ಎರಡನೆಯ ಸಲದಿಂದ ಎಂದ.

“ಮತ್ತ ಹೇಳ್ಲಿಲ್ಲ?”

“ಹೇಳಿದ್ರ ಮೂರನೇ ಸಲ ನೀವು ಕರೀತಿದ್ದಿಲ್ಲ.”

ಅವಳಿಗೆ ನಗು ಬಂತು. ಜೊತೆಗೆ ಕಣ್ಣಲ್ಲಿ ನೀರೂ ಬಂತು. ಆಸಿಡ್ ಹೊಗೆ ತಾಗಿತೇನೋ ಎಂದು ಗಾಬರಿಯಾಗಿ ಅವನು ಅವಳನ್ನು ಮುಂದಿನ ಅಂಗಡಿಗೆ, ಗಾಳಿಗೆ ಕರೆತಂದ. ಹೊಗೆಯಲ್ಲ ಎಂದಳು. ನಾಳೆ ಜೇವರ್ಗಿಗೆ ಹೊರಟಿದ್ದೀರಂತೆ ಎಂದೂ ಕೇಳಿದಳು, ರಸ್ತೆಯ ಕಡೆ ನೋಡುತ್ತ.

ಜಗದೇವ ಫೋನ್ ತೆಗೆದು, ಅವಳ ಎದುರಿಗೇ ನಿಂತು ತಾಯಿಗೆ ಮಾಡಿದ.

“ಯವ್ವಾ, ನಾಳಿ ಜೇವರ್ಗಿಗೆ ಬ್ಯಾಡ. ಅವರಿಗೆ ನಾನ ಫೋನ್ ಮಾಡಿ ತಪ್ಪಾತು ಅಂತೇನಿ. ನಾಳಿ ನಾವು ಆಳಂದಕ್ಕ ಹೋಗೂಣು.”

ಆ ಕಡೆಯಿಂದ ತಾಯಿ ಏನೋ ಕೇಳಿದಳು. ಅವನು ವಿಜಯಶ್ರೀಯನ್ನು ನೋಡಿದ. ಈ ಸಲ ಕಣ್ಣು ತೆಗೆಯಲಿಲ್ಲ.

“ಇಲ್ಲ ಯವ್ವಾ” ಎಂದ, “ಬ್ಯಾಟರಿ ಕೆಲಸಕ್ಕಲ್ಲ.”

ಬೆಳಗಿನಿಂದ ನಿಂತೇ ಇದ್ದ ವಿಜಯಶ್ರೀ, ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕುಳಿತಳು.